ಮಾತ್ರೆಗೂ ಕಾಫಿಗೂ ನಡುವೆ ಒಂದು ಗಂಟೆ

ಬಾಲಿಗಂಜ್, ಕೋಲ್ಕತ್ತ
14 ಜನವರಿ 2025

ಪದ್ಮಿನಿ ಮೇಡಂ ಅವರಿಗೆ ನಮಸ್ಕಾರಗಳು.

ಹದಿನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು, ಆದರೆ ನನ್ನ ದನಿ ಕೆಟ್ಟುಹೋಗಿದೆ. ಹೋದ ವಾರ ಗ್ಯಾಸ್ ಏಜೆನ್ಸಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ ನನ್ನನ್ನು ಗಂಡಸೆಂದು ತಿಳಿದು ‘ದಾದಾ’ ಎಂದಳು. ನಮ್ಮ ಮೋಹನದಾಸರು ನಕ್ಕರು, ನಾನೂ ನಕ್ಕೆ. ನಾನು ನಕ್ಕ ಸದ್ದು ಕೇಳಿ ಇಬ್ಬರೂ ಸುಮ್ಮನಾದೆವು. ನಿಮ್ಮ ಜೊತೆ ಹನ್ನೊಂದು ವರ್ಷ ದೇವರನಾಮ ಹಾಡಿದ ದನಿ ಇದು, ಇದನ್ನು ನಿಮಗೆ ಹೀಗೆ ಕೇಳಿಸಲು ಮನಸ್ಸು ಬರಲಿಲ್ಲ.

ಕಾರಣ ಅಕ್ಟೋಬರಿನಲ್ಲಿ ಗೊತ್ತಾಯಿತು. ಥೈರಾಯ್ಡ್. ಕುತ್ತಿಗೆಯಲ್ಲಿ ಚಿಟ್ಟೆಯ ಆಕಾರದ ಗ್ರಂಥಿ ಇದೆಯಂತೆ, ಡಾಕ್ಟರು ಚೀಟಿಯ ಹಿಂದೆ ಬರೆದು ತೋರಿಸಿದರು. ನನ್ನದು ನಿದ್ದೆ ಹೋಗಿದೆ. ಅದು ಒಸರಬೇಕಾದ ಹಾರ್ಮೋನು ಸಾಕಷ್ಟು ಒಸರುತ್ತಿಲ್ಲ, ಹಾಗಾಗಿ ಮೈಯಲ್ಲಿ ಎಲ್ಲವೂ ನಿಧಾನ. ಹೊಟ್ಟೆ ನಿಧಾನ, ಮಾತು ನಿಧಾನ, ನೆನಪು ಇನ್ನೂ ನಿಧಾನ. ಆ ಹಾರ್ಮೋನನ್ನೇ ಮಾತ್ರೆ ಮಾಡಿ ದಿನಕ್ಕೊಂದು ಕೊಡುತ್ತಾರೆ. ರೋಗವನ್ನು ಓಡಿಸುವ ಮದ್ದಲ್ಲ, ಮೈಯಲ್ಲಿ ಕಡಿಮೆ ಬಿದ್ದದ್ದನ್ನು ಹೊರಗಿನಿಂದ ತುಂಬುವುದು. ಬಹುಶಃ ಬದುಕಿರುವವರೆಗೂ.

ಎರಡು ವರ್ಷದಿಂದ ಇದು ಸದ್ದಿಲ್ಲದೆ ಬರುತ್ತಿತ್ತಂತೆ. ಮುಖ ಊದಿತು, ಕೂದಲು ಉದುರಿತು, ಸೆಪ್ಟೆಂಬರಿನ ಸೆಕೆಯಲ್ಲೂ ಶಾಲು ಹೊದೆಯುತ್ತಿದ್ದೆ. ಬೇರೆ ಊರಾಗಿದ್ದರೆ ಯಾರಾದರೂ ಕೇಳುತ್ತಿದ್ದರು. ದುರ್ಗಾಪೂಜೆ ಮುಗಿಯುತ್ತಲೇ ಮಂಕಿ ಕ್ಯಾಪ್ ಹುಡುಕುವ ಈ ಊರಿನಲ್ಲಿ ನನ್ನ ಶಾಲು ಯಾರಿಗೂ ವಿಚಿತ್ರ ಅನಿಸಲಿಲ್ಲ.

ನಿಮ್ಮ ಬೀಳ್ಕೊಡುಗೆಯ ದಿನದ ಬಗ್ಗೆ ಹೇಳಬೇಕು. ಕನ್ನಡ ಸಂಘದ ರಾಜ್ಯೋತ್ಸವ, ನಮ್ಮಿಬ್ಬರ ಕೊನೆಯ ಹಾಡು, ಮಾರನೆಯ ದಿನ ನೀವು ಮೈಸೂರಿಗೆ ಹೊರಡುವವರು. ನಾನು ಬರಲಿಲ್ಲ. ಇವರು ಊರಿಗೆ ಹೋಗಿದ್ದರು, ಎಬ್ಬಿಸುವವರಿರಲಿಲ್ಲ. ಊಟವಾಗಿ ಸ್ವಲ್ಪ ಒರಗಿದವಳು ಕಣ್ಣುಬಿಟ್ಟಾಗ ದೀಪ ಹಚ್ಚುವ ಹೊತ್ತು. ಆ ನಿದ್ದೆ ಎಲ್ಲಿಂದ ಬಂತೆಂದು ಈಗ ಗೊತ್ತಾಗಿದೆ, ಅದನ್ನು ನಿಮಗೆ ತಿಳಿಸಬೇಕು ಅನಿಸಿತು.

ಈಗಲೂ ಮಧ್ಯಾಹ್ನಗಳು ಹಾಗೆಯೇ. ಗರಿಯಾಹಾಟಿನ ಕಡೆಯಿಂದ ಟ್ರಾಮಿನ ಗಂಟೆ ಕೇಳುತ್ತದೆ, ಕಣ್ಣು ಮುಚ್ಚುತ್ತಲೇ ಕೋಣೆಯೊಳಗೆ ಮೆಲ್ಲಗೆ ನೀರು ತುಂಬುತ್ತದೆ, ಮಂಚ ತೇಲುತ್ತದೆ. ನಾನು ಹಾಡಿನ ಮೊದಲ ಸಾಲು ಹೇಳುತ್ತೇನೆ, ಎರಡನೆಯದು ಬರುವುದಿಲ್ಲ. ನೀವು ಎದುರಿಗೆ ಚಾಪೆಯ ಮೇಲೆ ಕೂತಿರುತ್ತೀರಿ. ನಿಮ್ಮ ಮುಂದೆ ಮುಚ್ಚಳ ಮುಚ್ಚಿದ ಒಂದು ಲೋಟ ಇರುತ್ತದೆ. ಅಲ್ಲಿಗೆ ಎಚ್ಚರವಾಗುತ್ತದೆ.

ಒಂದು ಒಳ್ಳೆಯದೂ ಆಗಿದೆ. ಮದುವೆಯಾಗಿ ಮೂವತ್ತು ವರ್ಷ ಒಲೆಯ ಹತ್ತಿರ ಸುಳಿಯದ ಮೋಹನದಾಸರು ನನಗೆ ಕಾಯಿಲೆಯೆಂದು ಗೊತ್ತಾದ ಮಾರನೆಯ ದಿನದಿಂದ ಬೆಳಿಗ್ಗೆ ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ, ಮಂಚದ ಹತ್ತಿರ ಕಾಫಿ ತಂದುಕೊಡುತ್ತಾರೆ. ಸಾಸರಿನಲ್ಲಿ ಥೈರಾಯ್ಡಿನ ಪುಟ್ಟ ಮಾತ್ರೆ, ಪಕ್ಕದಲ್ಲಿ ಮೂಳೆಗೆ ಕೊಟ್ಟ ಕ್ಯಾಲ್ಸಿಯಂ. ಡಾಕ್ಟರು ಖಾಲಿ ಹೊಟ್ಟೆ ಎಂದಿದ್ದಾರೆ, ನಾವು ಅದನ್ನು ತಪ್ಪದೆ ಪಾಲಿಸುತ್ತೇವೆ, ಕಾಫಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಆದರೂ ರಕ್ತಪರೀಕ್ಷೆಯಲ್ಲಿ ಅಂಕಿ ಇಳಿದಿಲ್ಲ. ಐವತ್ತರಿಂದ ಎಪ್ಪತ್ತೈದು, ಈಗ ನೂರು ಮೈಕ್ರೋಗ್ರಾಂ ಮಾಡಿದ್ದಾರೆ. ದನಿ ಬರುವುದೋ ಇಲ್ಲವೋ ಗೊತ್ತಿಲ್ಲ. ಬರದಿದ್ದರೆ ನಾನೇನು ಮಾಡಲಿ ಎಂದೂ ಗೊತ್ತಿಲ್ಲ.

ನಮ್ಮಲ್ಲೇ ಉಳಿದಿದ್ದ ನಿಮ್ಮ ಹಾಡಿನ ಪುಸ್ತಕವನ್ನು ಇದರ ಜೊತೆ ಕಳಿಸುತ್ತಿದ್ದೇನೆ.

ಇಂತು,
ವನಜಾಕ್ಷಿ


ಮೈಸೂರು
9 ಫೆಬ್ರುವರಿ 2025

ವನಜಾಕ್ಷಿಗೆ ಆಶೀರ್ವಾದಗಳು.

ಪುಸ್ತಕ ತಲುಪಿತು. ಮೇಡಂ ಎಂದು ಬರೆದಿದ್ದೀಯ. ಹನ್ನೊಂದು ವರ್ಷ ಅಕ್ಕ ಎನ್ನುತ್ತಿದ್ದೆ. ಇರಲಿ.

ಆ ದಿನ ವೇದಿಕೆಯಲ್ಲಿ ಎರಡು ಮೈಕು ಇಟ್ಟಿದ್ದರು. ಒಂದನ್ನು ತೆಗೆಯಲೇ ಎಂದು ಕೇಳಿದರು, ಬೇಡ ಎಂದೆ. ನನ್ನ ಸಾಲುಗಳನ್ನು ನಾನು ಹಾಡಿದೆ. ನಿನ್ನ ಸಾಲು ಬಂದಾಗಲೆಲ್ಲ ತಾಳ ಹಾಕುತ್ತ ಸುಮ್ಮನಿದ್ದೆ, ಬಾಗಿಲ ಕಡೆ ನೋಡುತ್ತ. ವಯಸ್ಸಾಯಿತು, ಮರೆತಿದ್ದಾರೆ ಎಂದು ಜನ ಕನಿಕರಪಟ್ಟರು. ಆಮೇಲೆ ನೀನು ಒಂದು ಫೋನೂ ಮಾಡಲಿಲ್ಲ. ನಿದ್ದೆ ಬಂದವರಿಗೆ ಎಚ್ಚರವೂ ಆಗುತ್ತದಲ್ಲ.

ನಿನ್ನ ಮಾತ್ರೆಯ ವಿಷಯ. ಕಾಫಿಯ ಜೊತೆ ಅದನ್ನು ನುಂಗಬೇಡ. ಖಾಲಿ ಹೊಟ್ಟೆ ಎಂದರೆ ಕಾಫಿಯೂ ಇಲ್ಲದ ಹೊಟ್ಟೆ. ಬರೀ ನೀರಿನಲ್ಲಿ ನುಂಗಿ ಒಂದು ಗಂಟೆ ಬಿಡು, ತೀರಾ ಆಗದಿದ್ದರೆ ಅರ್ಧ ಗಂಟೆಯಾದರೂ. ಕ್ಯಾಲ್ಸಿಯಂ ಮಾತ್ರೆ ನಾಲ್ಕು ಗಂಟೆ ಕಳೆದ ಮೇಲೆ. ಕಾಫಿಯಾಗಲಿ ಕ್ಯಾಲ್ಸಿಯಂ ಆಗಲಿ ಜೊತೆ ಸೇರಿದರೆ ಆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಡಾಕ್ಟರು ಸುಮ್ಮನೆ ಪ್ರಮಾಣ ಏರಿಸುತ್ತ ಹೋಗುತ್ತಾರೆ. ಅವರಿಗೆ ಕಾಫಿಯ ವಿಷಯ ಹೇಳು.

ನಮ್ಮ ಯಜಮಾನರು ಮೋಹನದಾಸರ ಕ್ಷೇಮ ಕೇಳಿದ್ದಾರೆ.

ಪದ್ಮಿನಿ


ಬಾಲಿಗಂಜ್
6 ಮಾರ್ಚ್ 2025

ಪದ್ಮಿನಿ ಮೇಡಂ ಅವರಿಗೆ,

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ನಾನಿನ್ನೂ ಮಾತ್ರೆಯನ್ನು ಕಾಫಿಯಲ್ಲೇ ನುಂಗುತ್ತಿದ್ದೇನೆ.

ನಿಮಗಿದು ಹುಚ್ಚು ಅನಿಸಬಹುದು. ನಮ್ಮ ಮನೆಯಲ್ಲಿ ಬೆಳಿಗ್ಗೆ ಆ ಐದು ನಿಮಿಷ ಬಿಟ್ಟರೆ ಮಾತೇ ಇಲ್ಲ. ಮಕ್ಕಳಿಬ್ಬರೂ ದೂರ. ಇವರು ಸಾಸರನ್ನು ಎರಡೂ ಕೈಯಲ್ಲಿ ಹಿಡಿದು ಚೆಲ್ಲದ ಹಾಗೆ ನಡೆದು ಬರುವುದನ್ನು ನಾನು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಳ್ಳುತ್ತೇನೆ. ಚಪ್ಪಲಿಯ ಸದ್ದು ಬಾಗಿಲ ಹತ್ತಿರ ಒಂದು ಕ್ಷಣ ನಿಲ್ಲುತ್ತದೆ, ನಾನು ಎದ್ದಿದ್ದೇನೋ ಇಲ್ಲವೋ ಎಂದು. ಮೂವತ್ತು ವರ್ಷ ಕಾದು ಸಿಕ್ಕಿದ್ದನ್ನು ಬೇಡ ಎಂದು ಹೇಗೆ ಹೇಳಲಿ?

ಕಾಫಿ ಬೇಡ ಎನ್ನುವುದು ನಿಮಗೆ ಸುಲಭ. ನೀವು ಹನ್ನೊಂದು ವರ್ಷ ಅದನ್ನೇ ಹೇಳಿದಿರಿ.

ಬರೆದುಬಿಟ್ಟೆ, ಇನ್ನು ಪೂರ್ತಿ ಬರೆಯುತ್ತೇನೆ. ಪ್ರತಿ ಭಾನುವಾರ ಆರೂವರೆಗೆ ಅಭ್ಯಾಸಕ್ಕೆ ಬರುತ್ತಿದ್ದಿರಿ. ನಾನು ಐದೂವರೆಗೆ ಎದ್ದು, ಊರಿಂದ ತರಿಸಿದ ಪುಡಿ ಹಾಕಿ, ನಿಮಗೆಂದು ತೆಗೆದಿಟ್ಟ ಹಿತ್ತಾಳೆ ಲೋಟದಲ್ಲಿ ಕಾಫಿ ಕೊಡುತ್ತಿದ್ದೆ. ‘ಈಗ ಬೇಡ ವನಜಾ, ಆಮೇಲೆ’ ಎನ್ನುತ್ತಿದ್ದಿರಿ. ನಾನು ಮುಚ್ಚಳ ಮುಚ್ಚುತ್ತಿದ್ದೆ. ಏಳೂಕಾಲಿಗೆ ನೀವು ಎದ್ದು ಹೊರಡುತ್ತಿದ್ದಿರಿ, ಆ ಆಮೇಲೆ ಒಂದು ದಿನವೂ ಬರಲಿಲ್ಲ. ನಾನು ಕೆನೆಗಟ್ಟಿದ ಕಾಫಿಯನ್ನು ಚೆಲ್ಲುತ್ತಿದ್ದೆ.

ಸಂಘದವರೆಲ್ಲ ಪುರಿಗೆ ಹೋದಾಗ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ನೀವು ಮುಂಜಾನೆ ಕಿಟಕಿಯ ಕಡೆ ತಿರುಗಿ, ಬೆಳ್ಳಿಯ ಭರಣಿಯಿಂದ ಏನನ್ನೋ ಬಾಯಿಗೆ ಹಾಕಿಕೊಂಡು ನೀರು ಕುಡಿದಿರಿ. ನಾನು ಚಹಾ ತಂದೆ, ಮುಟ್ಟಲಿಲ್ಲ. ತೀರ್ಥ, ಮಡಿ ಎಂದು ನನಗೆ ಅರ್ಥವಾಯಿತು. ನಾವು ಮೀನು ತಿನ್ನುವ ಮನೆಯವರು, ನೀವು ಮಡಿಯ ಮನೆಯವರು. ಈ ಊರಿನಲ್ಲಿ ಮೀನು ತಿನ್ನುವುದು ದೊಡ್ಡಸ್ತಿಕೆ, ಇಲ್ಲಿಯಾದರೂ ನಮ್ಮ ಲೋಟ ಶುದ್ಧ ಎಂದುಕೊಂಡಿದ್ದೆ. ಹಾಡುವಾಗ ನಿಮ್ಮ ದನಿಯೂ ನನ್ನ ದನಿಯೂ ಒಂದಾಗುತ್ತಿದ್ದವು, ಕಾಫಿ ಮಾತ್ರ ಆಗುತ್ತಿರಲಿಲ್ಲ. ಅದು ನನ್ನನ್ನು ಬಹಳ ನೋಯಿಸಿದೆ.

ವನಜಾಕ್ಷಿ


ಮೈಸೂರು
27 ಏಪ್ರಿಲ್ 2025

ವನಜಾ,

ನಿನ್ನ ಪತ್ರ ಓದಿ ಮಡಚಿಟ್ಟೆ. ಮತ್ತೆ ತೆಗೆದೆ, ಮತ್ತೆ ಮಡಚಿಟ್ಟೆ. ಹೀಗೆ ಇಷ್ಟು ದಿನ ಹೋಯಿತು.

ಆ ಭರಣಿಯಲ್ಲಿ ಇದ್ದದ್ದು ತೀರ್ಥವಲ್ಲ, ಪ್ರಸಾದವಲ್ಲ. ನೀನೀಗ ನುಂಗುತ್ತಿರುವ ಮಾತ್ರೆಯೇ. ನಾನದನ್ನು ಇಪ್ಪತ್ತೆಂಟು ವರ್ಷದಿಂದ ನುಂಗುತ್ತಿದ್ದೇನೆ.

ಭಾನುವಾರ ಆರೂಕಾಲಿಗೆ ಮಾತ್ರೆ ನುಂಗಿ ನಿನ್ನ ಮನೆಗೆ ಹೊರಡುತ್ತಿದ್ದೆ. ಒಂದು ಗಂಟೆ ತುಂಬುವುದು ಏಳೂಕಾಲಿಗೆ, ಅಷ್ಟರಲ್ಲಿ ಕಾಫಿ ಆರಿರುತ್ತಿತ್ತು. ಇವರಿಗೆ ಎಂಟಕ್ಕೆ ಉಪ್ಪಿಟ್ಟು ಆಗಬೇಕು, ನಾನು ಓಡುತ್ತಿದ್ದೆ. ಒಂದು ದಿನ ಹತ್ತು ನಿಮಿಷ ಕೂತು, ಇದನ್ನು ಬಿಸಿ ಮಾಡಿಕೊಡು, ನನಗೆ ಹೀಗೊಂದು ಕಾಯಿಲೆ ಇದೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ.

ಯಾಕೆ ಎಂದರೆ ನಾಚಿಕೆ. ನಮಗೆ ಮಕ್ಕಳಾಗಲಿಲ್ಲ. ಕಾಯಿಲೆ ಗೊತ್ತಾದ ದಿನ ನಮ್ಮತ್ತೆ ನೆಂಟರ ಮುಂದೆ ನನ್ನ ಕುತ್ತಿಗೆಯ ಕಡೆ ಬೆರಳು ತೋರಿಸಿ, ‘ಎಲ್ಲಾ ಇಲ್ಲಿಂದಾನೇ ಆಗಿರೋದು ನೋಡಿ’ ಎಂದರು. ಮಾರನೆಯ ದಿನವೇ ಮಾತ್ರೆಗಳು ಕುಂಕುಮದ ಭರಣಿಗೆ ಹೋದವು. ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವಳು ನಾನು, ಎಲೆಯ ಬಣ್ಣ ನೋಡಿ ಗಿಡಕ್ಕೆ ಏನು ಕಡಿಮೆ ಎಂದು ಹೇಳಬಲ್ಲೆ. ನನ್ನದನ್ನು ಬಾಯಿಬಿಟ್ಟು ಹೇಳಲಾರದೆ ಹೋದೆ.

ನನ್ನನ್ನು ನಿನ್ನ ಲೋಟ ಮುಟ್ಟದವಳೆಂದು ತಿಳಿದೆಯಲ್ಲ ಎಂದು ಮೊದಲು ಕೋಪ ಬಂತು. ಆಮೇಲೆ ನಮ್ಮತ್ತೆಯ ನೆನಪಾಯಿತು. ಅವರು ಹಾಗೆ ಮಾಡುತ್ತಿದ್ದರು, ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ, ಏನೂ ಅಂದಿಲ್ಲ. ನೀನು ಹಾಗೆ ತಿಳಿದದ್ದು ತಪ್ಪಲ್ಲ. ತಿಳಿಯಲು ಬಿಟ್ಟದ್ದು ನನ್ನ ತಪ್ಪು.

ಇದಕ್ಕಿಂತ ದೊಡ್ಡದೊಂದಿದೆ. ಕೊನೆಯ ವರ್ಷ ನಿನ್ನ ಶಾಲು ನೋಡಿದೆ, ಊದಿದ ಮುಖ ನೋಡಿದೆ, ಮೇಲಿನ ಷಡ್ಜ ತಲುಪಲಾರದೆ ನೀನು ಕೆಮ್ಮಿದಂತೆ ನಟಿಸುವುದನ್ನೂ ನೋಡಿದೆ. ಇವೆಲ್ಲ ಹಿಂದೆ ನನ್ನ ಮೈಯಲ್ಲೇ ಆಗಿಹೋಗಿದ್ದವು. ಆದರೂ ವನಜಾಗೆ ಈಗ ಹಾಡಿನಲ್ಲಿ ಆಸಕ್ತಿಯಿಲ್ಲ, ನನ್ನಲ್ಲೂ ಇಲ್ಲ ಎಂದುಕೊಂಡೆ. ಗುರುತು ಹಿಡಿಯಬೇಕಾಗಿದ್ದವಳು ನಾನೊಬ್ಬಳೇ.

ಮೋಹನದಾಸರಿಗೆ ಹೇಳು. ಮಾತ್ರೆ ನೂರಕ್ಕೆ ಏರಿದೆ ಎಂದಿದ್ದೀಯ, ಕಾಫಿ ಬಿಟ್ಟರೆ ಅದು ಪೂರ್ತಿ ಹತ್ತಿ ಹೆಚ್ಚಾಗಬಹುದು. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಹಾಗಾಗಿ ಮೊದಲು ಡಾಕ್ಟರಿಗೆ ಹೇಳಿ ಆಮೇಲೆ ಬಿಡು.

ಪ್ರತಿ ಅಷ್ಟಮಿಗೆ ನೀನು ಎಲೆಯಲ್ಲಿ ಸುತ್ತಿ ಬೇಯಿಸಿ ಕಳಿಸುತ್ತಿದ್ದ ಇಡ್ಲಿ, ಆ ಮೂಡೆ ನೆನಪಾಗುತ್ತದೆ. ಇವರಿಗೆ ಒಂದು ಕೊಟ್ಟು ಉಳಿದದ್ದನ್ನೆಲ್ಲ ನಾನೇ ತಿನ್ನುತ್ತಿದ್ದೆ.

ನಿನ್ನ ಅಕ್ಕ,
ಪದ್ಮಿನಿ


ಬಾಲಿಗಂಜ್
8 ಜೂನ್ 2025

ಪ್ರೀತಿಯ ಪದ್ಮಿನಿಯಕ್ಕನಿಗೆ,

ಮೂಡೆಯ ಸಾಲನ್ನು ಮೂರು ಸಲ ಓದಿದೆ. ಕೆಲಸದವಳಿಗೆ ಕೊಡುತ್ತೀರಿ ಎಂದು ನಾನು ಹನ್ನೊಂದು ವರ್ಷ ಅಂದುಕೊಂಡಿದ್ದೆ, ಆದರೂ ಕಳಿಸುತ್ತಿದ್ದೆ.

ನಿಮ್ಮ ಪತ್ರ ಬಂದ ಮಾರನೆಯ ಬೆಳಿಗ್ಗೆಯೇ ಇವರಿಗೆ ಹೇಳಿದೆ. ಸಾಸರ್ ಹಿಡಿದು ಬಂದು, ‘ಕಾಪಿ ಕುಡಿ, ಆರ್ತದೆ,’ ಎಂದರು.

‘ಇವತ್ತಿಂದ ಮಾತ್ರೆಗೆ ಬರೀ ನೀರು. ಕಾಪಿ ಒಂದು ಗಂಟೆ ಬಿಟ್ಟು,’ ಎಂದೆ.

‘ಯಾಕೆ, ಕಾಪಿ ಲಾಯ್ಕ ಆಗುದಿಲ್ವಾ?’

‘ಕಾಪಿ ಲಾಯ್ಕ ಉಂಟು. ಆ ಮಾತ್ರೆಗೆ ಅದು ಆಗುದಿಲ್ಲಂತೆ. ಕ್ಯಾಲ್ಸಿಯಮ್ಮೂ ಆಗುದಿಲ್ಲಂತೆ.’

ಅವರು ಸಾಸರನ್ನು ಮೇಜಿನ ಮೇಲಿಟ್ಟರು. ‘ಅಂದ್ರೆ ಇಷ್ಟು ತಿಂಗ್ಳು ನಿನ್ನ ಮಾತ್ರೆ ಹಾಳು ಮಾಡಿದ್ದು ನಾನಾ?’

‘ಇಬ್ರೂ ಸೇರಿ ಮಾಡಿದ್ದು. ನಂಗೆ ಫೆಬ್ರವರಿಯಲ್ಲೇ ಗೊತ್ತಾಗಿತ್ತು.’

‘ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ್ತಿ?’

‘ಹೇಳಿದ್ರೆ ನೀವು ಬರುದಿಲ್ಲಾಂತ,’ ಎಂದೆ. ಆ ಒಡೆದ ದನಿಯಲ್ಲೇ ಹೇಳಿದೆ. ಅವರು ನನ್ನ ಲೋಟಕ್ಕೆ ಮುಚ್ಚಳ ಮುಚ್ಚಿದರು. ಒಳಗೆ ಹೋಗಿ ನೀರು ತಂದರು. ಮತ್ತೆ ತಮ್ಮ ಕಾಫಿಯನ್ನೂ ತಂದು ಮುಚ್ಚಿಟ್ಟು ಕುರ್ಚಿ ಎಳೆದುಕೊಂಡು ಕೂತರು. ನೀವು ಕುಡಿಯಿರಿ ಎಂದರೆ, ‘ನಿನ್ನ ಎದುರು ನಾನೊಬ್ನೇ ಕುಡಿಯುದಾ?’ ಎಂದರು. ಹೀಗೆ ಐದು ನಿಮಿಷ ಇದ್ದದ್ದು ಈಗ ಒಂದು ಗಂಟೆಯಾಗಿದೆ. ಏನೇನೋ ಮಾತಾಡುತ್ತಾರೆ. ಇವರಿಗೆ ಚಿಕ್ಕಂದಿನಲ್ಲಿ ದೋಣಿಯೆಂದರೆ ಹೆದರಿಕೆ ಇತ್ತೆಂದು ನನಗೆ ಈಗ ಗೊತ್ತಾಯಿತು.

ಡಾಕ್ಟರಿಗೆ ಮೊದಲು ಹೇಳು ಎಂದಿದ್ದಿರಿ, ನಾನು ಹೇಳಲಿಲ್ಲ. ಮೂರು ವಾರದಲ್ಲಿ ಎದೆ ಡವಡವ ಎನ್ನತೊಡಗಿತು, ಹಿಡಿದ ಲೋಟ ನಡುಗಿತು. ಓಡಿದೆವು. ಡಾಕ್ಟರು ಎಲ್ಲ ಕೇಳಿಕೊಂಡು, ‘ಮಾಶಿಮಾ, ಕಾಫಿ ಪಾನೀ ನಹೀ ಹೈ,’ ಕಾಫಿಯೆಂದರೆ ನೀರಲ್ಲ ಚಿಕ್ಕಮ್ಮ, ಎಂದು ಗದರಿದರು. ರಕ್ತ ನೋಡಿ ಎಪ್ಪತ್ತೈದಕ್ಕೆ ಇಳಿಸಿದ್ದಾರೆ. ಆರು ವಾರ ಬಿಟ್ಟು ಮತ್ತೆ ಪರೀಕ್ಷೆ. ಚೆನ್ನಾಗಿದ್ದೇನೆಂದು ನಡುವೆ ಬಿಡಬಾರದು, ಒಂದು ದಿನ ಮರೆತೆನೆಂದು ಮಾರನೆಯ ದಿನ ನಾನೇ ಎರಡು ನುಂಗಬಾರದು ಎಂದೂ ಹೇಳಿದ್ದಾರೆ.

ನೀರು ಇಳಿಯುತ್ತಿದೆ ಅಕ್ಕ. ಮಧ್ಯಾಹ್ನ ಮಂಚದ ಕಾಲು ನೆಲಕ್ಕೆ ತಾಗುತ್ತದೆ. ಎಚ್ಚರ ಬಂದಷ್ಟೂ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತಿದೆ, ಅದನ್ನು ಮುಚ್ಚಿಟ್ಟು ನಿಮ್ಮನ್ನು ಅಕ್ಕ ಎನ್ನಲಾರೆ.

ಬೀಳ್ಕೊಡುಗೆಯ ದಿನ ನನಗೆ ನಾಲ್ಕು ಗಂಟೆಗೇ ಎಚ್ಚರವಾಗಿತ್ತು. ಕಾರ್ಯಕ್ರಮ ಇದ್ದದ್ದು ಐದೂವರೆಗೆ. ಎದ್ದೆ. ನಾವಿಬ್ಬರೂ ಉಡಬೇಕೆಂದಿದ್ದ ಹಸಿರು ಸೀರೆ ತೆಗೆದು ಮಂಚದ ಮೇಲೆ ಹರಡಿದೆ. ಆಗ ಅಡುಗೆಮನೆಯ ಗೂಡಿನಲ್ಲಿ ಆ ಹಿತ್ತಾಳೆ ಲೋಟ ಕಂಡಿತು. ಒಂದು ಸಲವೂ ನಿಮ್ಮ ತುಟಿ ತಾಗದ ಲೋಟ. ಇವತ್ತು ಇವರೊಬ್ಬರೇ ಹಾಡಲಿ ಎಂದುಕೊಂಡೆ. ಸೀರೆಯ ಪಕ್ಕದಲ್ಲೇ ಮಲಗಿದೆ. ಆಮೇಲೆ ಬಂದದ್ದು ಕಾಯಿಲೆಯ ನಿದ್ದೆ ನಿಜ. ಆದರೆ ಮಲಗಿದ್ದು ನಾನು.

ವನಜಾ


ಬಾಲಿಗಂಜ್
15 ಸೆಪ್ಟೆಂಬರ್ 2025

ಪದ್ಮಿನಿಯಕ್ಕ,

ಜೂನಿನಿಂದ ನಿಮ್ಮ ಪತ್ರವಿಲ್ಲ. ಬರೆಯದಿರುವುದು ನ್ಯಾಯವೇ. ಆದರೂ ನಿನ್ನೆ ನಮ್ಮೂರ ಅಷ್ಟಮಿ, ನಾಲ್ಕು ಮೂಡೆ ಹೆಚ್ಚಿಗೆ ಮಾಡಿದೆ. ಕೈ ತಡೆಯಲಿಲ್ಲ.

ರಕ್ತದ ಅಂಕಿ ಸರಿಯಾದ ಜಾಗಕ್ಕೆ ಬಂದಿದೆ. ಮುಖ ಇಳಿದಿದೆ, ಹೊಸ ಕೂದಲು ಹಣೆಯ ಮೇಲೆ ಎದ್ದು ನಿಂತಿದೆ. ದನಿ ಪೂರ್ತಿ ಬಂದಿಲ್ಲ. ಬಂದಷ್ಟರಲ್ಲಿ ನಿನ್ನೆ ನಿಮ್ಮ ಸಾಲುಗಳನ್ನು ಹಾಡಿದೆ, ನನ್ನವನ್ನು ಬಿಟ್ಟು. ಖಾಲಿ ಜಾಗದಲ್ಲಿ ತಾಳ ಹಾಕುತ್ತ ಕೂತಿರುವುದು ಎಷ್ಟು ಕಷ್ಟವೆಂದು ಗೊತ್ತಾಯಿತು.

ಕ್ಷಮಿಸಿ.

ವನಜಾ


ಮೈಸೂರು
2 ಅಕ್ಟೋಬರ್ 2025

ವನಜಾ,

ಕೋಪವಿತ್ತು. ಸುಳ್ಳೇಕೆ ಹೇಳಲಿ. ನಿನ್ನ ಹಸಿರು ಸೀರೆ ಮಂಚದ ಮೇಲೆ, ನನ್ನದು ವೇದಿಕೆಯ ಮೇಲೆ. ಮೂರು ತಿಂಗಳು ಅದನ್ನೇ ನೋಡುತ್ತಿದ್ದೆ.

ಆದರೆ ಯೋಚಿಸಿದಷ್ಟೂ ನಾನು ಹೇಳಿದ ‘ಆಮೇಲೆ’ ನೆನಪಾಗುತ್ತದೆ. ವರ್ಷಕ್ಕೆ ಐವತ್ತು ಭಾನುವಾರ ನಾನು ನಿನಗೆ ಮಾಡಿದ್ದನ್ನು ನೀನು ನನಗೆ ಒಂದು ದಿನ ಮಾಡಿದೆ.

ನವೆಂಬರ್ ಮೂವತ್ತಕ್ಕೆ ಸಂಘದ ರಾಜ್ಯೋತ್ಸವಕ್ಕೆ ಕರೆದಿದ್ದಾರೆ. ತಂಗಿಯ ಮಗಳು ಹಂಸಾ ನಿಮ್ಮ ಊರಿನ ನ್ಯೂ ಟೌನಿನಲ್ಲಿದ್ದಾಳೆ, ಅಲ್ಲೇ ಇಳಿಯಬೇಕೆಂದು ಹಟ ಹಿಡಿದಿದ್ದಾಳೆ. ನಾನು ಒಪ್ಪಲಿಲ್ಲ. ಹಿಂದಿನ ದಿನವೇ ಬಂದು ನಿನ್ನ ಮನೆಯಲ್ಲಿ ಇರುತ್ತೇನೆ. ಊಟ ತಿಂಡಿ ಎಲ್ಲ ನಿನ್ನಲ್ಲೇ. ಮೀನು ಮಾತ್ರ ಬೇಡ.

ನಿನ್ನ ಅಕ್ಕ,
ಪದ್ಮಿನಿ


ಬಾಲಿಗಂಜ್
20 ಅಕ್ಟೋಬರ್ 2025

ಪ್ರೀತಿಯ ಅಕ್ಕನಿಗೆ,

ನಿಮ್ಮ ಪತ್ರವನ್ನು ಇವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕೊನೆಯ ಸಾಲಿಗೆ ಇಬ್ಬರೂ ನಕ್ಕೆವು, ಈ ಸಲ ನಕ್ಕ ಸದ್ದು ನನ್ನದೇ ಆಗಿತ್ತು. ಮೇಲಿನ ಷಡ್ಜ ಇನ್ನೂ ಸಿಕ್ಕಿಲ್ಲ. ಅರ್ಧ ಸ್ವರ ಇಳಿಸಿ ಹಾಡೋಣ, ನಮ್ಮ ವಯಸ್ಸಿಗೆ ಅದೇ ಚೆಂದ.

ಬೆಳಿಗ್ಗೆ ಬಾಲ್ಕನಿಯ ಕೆಳಗೆ ಶಿವುಲಿ ಹೂ, ನಮ್ಮ ಪಾರಿಜಾತ, ಉದುರಿರುತ್ತದೆ. ನಿನ್ನೆ ಮತ್ತೆ ಅದೇ ಕನಸು ಬಿತ್ತು. ಕೋಣೆಯಲ್ಲಿ ನೀರಿರಲಿಲ್ಲ, ಬೆಳಕು ಮಾತ್ರ ಮೊಣಕಾಲಿನವರೆಗೆ ತುಂಬಿತ್ತು. ನೀವು ಚಾಪೆಯ ಮೇಲೆ ಕೂತಿದ್ದಿರಿ. ಮುಚ್ಚಿದ ಲೋಟ ಮುಂದಿತ್ತು. ಎರಡನೆಯ ಸಾಲು ತಾನಾಗಿ ಬಂತು. ನೀವು ಮುಚ್ಚಳಕ್ಕೆ ಕೈ ಹಾಕಿದಾಗ ಎಚ್ಚರವಾಯಿತು. ಪರವಾಗಿಲ್ಲ, ಉಳಿದದ್ದನ್ನು ಎಚ್ಚರದಲ್ಲೇ ನೋಡುತ್ತೇನೆ.

ಬರುವಾಗ ಬೆಳ್ಳಿಯ ಭರಣಿ ತರಬೇಡಿ. ಮಾತ್ರೆ ಅದರ ಸ್ಟ್ರಿಪ್ಪಿನಲ್ಲೇ ಇರಲಿ. ನನ್ನದು ಊಟದ ಮೇಜಿನ ಮೇಲೆ, ಬಂದವರಿಗೆಲ್ಲ ಕಾಣುವ ಹಾಗೆ ಇರುತ್ತದೆ. ಅದರ ಪಕ್ಕದಲ್ಲಿ ನಿಮ್ಮದನ್ನೂ ಇಡೋಣ.

ಮೂವತ್ತನೇ ತಾರೀಖು ಭಾನುವಾರವೇ ಬರುತ್ತದೆ. ಬೆಳಿಗ್ಗೆ ಆರೂವರೆಗೆ ಮೋಹನದಾಸರು ನಮ್ಮಿಬ್ಬರಿಗೂ ಎರಡು ಲೋಟ ನೀರು ಕೊಡುತ್ತಾರೆ. ಮಾತ್ರೆ ನುಂಗಿ ಹಾಡಲು ಕೂರೋಣ. ನೀವು ಗಡಿಯಾರ ನೋಡಬೇಡಿ, ಅದು ಇವರ ಕೆಲಸ. ನಿಮಗೆ ಆ ದಿನ ಎಂಟಕ್ಕೆ ಯಾರ ಉಪ್ಪಿಟ್ಟೂ ಇಲ್ಲ. ಏಳೂವರೆಗೆ ಹಾಡು ಮುಗಿಯುತ್ತದೆ.

ಹಿತ್ತಾಳೆ ಲೋಟವನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ದೇನೆ. ಕಾಫಿಯನ್ನು ಏಳೂವರೆಗೇ ಬೆರೆಸುತ್ತೇನೆ, ಅದಕ್ಕೆ ಮೊದಲಲ್ಲ.

ನಿಮ್ಮ
ವನಜಾ